ಕಿತ್ತಳೆ ಬಣ್ಣದ ಕಂಬ

ಜನವರಿ 14, 2019, ಸೋಮವಾರ

ಮಾರ್ಲಿಸ್ ಈ ನೋಟ್‌ಬುಕ್ ತಂದುಕೊಟ್ಟು ಒಂದು ವಾರವಾಯಿತು. "ನನ್ನ ಮೇಲೆ ಕೂಗಾಡೋ ಬದಲು ಇದರ ಮೇಲೆ ಕೂಗಾಡು. ಬಿಪಿ ಆದ್ರೂ ಇಳಿಯತ್ತೆ" ಅಂದಳು. ಇಪ್ಪತ್ತಾರು ವರ್ಷ ನನ್ನನ್ನು ಸಹಿಸಿಕೊಂಡ ಹೆಂಡತಿ. ಸರಿ, ಬರೆಯುತ್ತೇನೆ.

ಹೊರಗೆ ಮೈನಸ್ ಮೂವತ್ತೆಂಟು. ಬೆಚ್ಚಗಿರಲೆಂದು ರಾತ್ರಿಯೆಲ್ಲ ಗಾಡಿಯ ಎಂಜಿನ್ನಿಗೆ ಕರೆಂಟಿನ ಪ್ಲಗ್ ಸಿಕ್ಕಿಸಿಟ್ಟಿದ್ದರೂ ಬೆಳಿಗ್ಗೆ ಎದ್ದೇಳಲು ಅಳುತ್ತಿತ್ತು.

ಮಾರ್ಚ್ ಎರಡಕ್ಕೆ ನಮ್ಮ ಬೈಸನ್ ಲೇಕ್ ರಿಂಕ್‌ಗೆ, ಆ ಐಸ್ ಹಾಸಿದ ಆಟದಂಗಳಕ್ಕೆ, ಐವತ್ತು ವರ್ಷ ತುಂಬುತ್ತದೆ. ಒಳಬಾಗಿಲ ಪಕ್ಕದಲ್ಲಿ ಗಾಜಿನ ಕಪಾಟು ಮಾಡಿಸಿ, ಊರಿನ ಐಸ್-ಹಾಕಿ ಪಂದ್ಯಗಳಲ್ಲಿ ಕೋಲಿನಿಂದ ಹೊಡೆದ ಹಳೆಯ ರಬ್ಬರ್ ಬಿಲ್ಲೆಗಳನ್ನು, ಅಂದರೆ ಪಕ್‌ಗಳನ್ನು ಇಡುತ್ತಾರಂತೆ. ಪಂದ್ಯದಲ್ಲಿ ನಿಜವಾಗಿ ಆಡಿದ್ದು ಮಾತ್ರ. ಯಾವುದು ಅಸಲಿ, ಯಾವುದು ನಕಲಿ ಎಂದು ಹೇಳುವ ಕೆಲಸ ನನಗೆ ಕೊಟ್ಟಿದ್ದಾರೆ. ಬೇರೆ ಯಾರಿಗೆ ಕೊಡುತ್ತಾರೆ? ಮುನ್ನೂರ ಹನ್ನೆರಡು ಪಕ್ ನನ್ನ ಮನೆಯಲ್ಲಿವೆ, ಒಂದೊಂದಕ್ಕೂ ನನ್ನ ಕೈಯಲ್ಲೇ ಬರೆದ ಕಾರ್ಡಿದೆ. ನಡುವಿನ ಜಾಗಕ್ಕೆ ಯಾವುದು ಎಂದು ಯಾರೂ ಕೇಳಲಿಲ್ಲ. ನನ್ನ ಅಣ್ಣ ಒರೆಸ್ಟ್‌ನ ಪಕ್. ಕಾರ್ಡ್ ನಂಬರ್ ಒಂದು.

ಇವತ್ತು ಬೆಳಿಗ್ಗೆ ಕಾಫಿ ಅಂಗಡಿಯಲ್ಲಿ ವೆಲ್ಡಿಂಗ್ ಮಾಡುವ ಮುದುಕ ಆರ್ವಿಲ್ ಪಿಡ್‌ಸ್ಕಾಲ್ನಿ ಒಂದು ಪಕ್ ಹಿಡಿದುಕೊಂಡು ಬಂದ. ಎಂಬತ್ತೊಂದರ ಫೈನಲ್‌ನದಂತೆ. ಕಿನ್‌ರಾಸ್ ಊರಿನವರ ಮೇಲೆ ಹೊಡೆದ ಗೋಲಿನದಂತೆ. ತಿರುಗಿಸಿ ನೋಡಿದೆ. ಹಿಂದೆ ನಮ್ಮ ತಂಡದ ಮುದ್ರೆಯೇ ಇಲ್ಲ.

"ಇದು ಪ್ರಾಕ್ಟೀಸ್ ಪಕ್ ಆರ್ವಿಲ್. ನಿಮ್ಮ ನಾಯಿಗೆ ಕಚ್ಚೋಕೆ ಕೊಡಿ" ಅಂದೆ.

ಇಡೀ ಮೇಜು ನಕ್ಕಿತು. ಆರ್ವಿಲ್ ನಗಲಿಲ್ಲ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಏನೋ ಹೇಳುತ್ತಾನೆ ಅಂದುಕೊಂಡೆ. ಪಕ್ಕನ್ನು ಕೋಟಿನ ಜೇಬಿಗೆ ಹಾಕಿಕೊಂಡು ಎದ್ದು ಹೋದ. ಕಾಫಿ ಅರ್ಧ ಹಾಗೇ ಇತ್ತು. ನಾನೇನು ಮಾಡಲಿ? ಸುಳ್ಳು ಸುಳ್ಳೇ.

ಜನವರಿ 19, ಶನಿವಾರ

ಕಾರ್ಡ್ ನಂಬರ್ ಒಂದನ್ನು ಹೊಸದಾಗಿ ಬರೆದೆ. ಕಪಾಟಿಗೆ ಹೋಗುವುದು ಚೆನ್ನಾಗಿರಬೇಕು.

ಆಟಗಾರ: ಒರೆಸ್ಟ್ ಹ್ರಿಂಕೀವ್, ವಯಸ್ಸು ಹತ್ತೊಂಬತ್ತು. ಪಂದ್ಯ: ಫೆಬ್ರವರಿ 26, 1977, ಕಿನ್‌ರಾಸ್ ವಿರುದ್ಧ. ಕೊನೆಯ ನಿಮಿಷದ ಗೋಲು. ಗುರುತು: ಕಂಬಕ್ಕೆ ಬಡಿದ ಕೆಂಪು ಬಣ್ಣ.

ಪಂದ್ಯ ಆಡಿದ ಪಕ್ ಮೋಸ ಮಾಡುವುದಿಲ್ಲ. ಅಂಚಿನ ಸುತ್ತ ಇರುವ ಸಣ್ಣ ಚೌಕುಳಿ ಗೆರೆಗಳು ಕೋಲಿನ ಏಟಿಗೆ ಸವೆದಿರುತ್ತವೆ. ಸುತ್ತಲ ಹಲಗೆಗೆ ಬಡಿದ ಕಡೆ ಬಿಳಿ ಗೀರು, ಗೋಲಿನ ಕಂಬಕ್ಕೆ ಬಡಿದ ಕಡೆ ಕೆಂಪು. ಒರೆಸ್ಟ್‌ನ ಪಕ್ಕಿನ ಮುಖದ ಮೇಲೆ, ಅಂಚಿಗೆ ತಾಗಿದಂತೆ, ಉಗುರಿನಷ್ಟು ಅಗಲದ ಕೆಂಪಿದೆ. ಅಂಚಿಗೆ ಸುತ್ತ ಬಿಳಿ ಬಟ್ಟೆಯ ಟೇಪು. ಅದರ ಮೇಲೆ, ಆಗ ರಿಂಕ್ ನೋಡಿಕೊಳ್ಳುತ್ತಿದ್ದ ಅಪ್ಪನ ಕೈಬರಹ: "ಒರೆಸ್ಟ್, ಲೋರ್ನಿಗೆ." ಟೇಪು ಹಳದಿಯಾಗಿದೆ. ನಲವತ್ತೆರಡು ವರ್ಷದಲ್ಲಿ ಒಂದು ದಿನವೂ ಬಿಚ್ಚಿಲ್ಲ. ಬಿಚ್ಚಿದರೆ ಅಪ್ಪನ ಅಕ್ಷರ ಹೋಗುತ್ತದೆ.

ಆ ಪಂದ್ಯ ನಾನು ನೋಡಲಿಲ್ಲ. ಒಂಬತ್ತು ವರ್ಷ, ಗದ್ದಕಟ್ಟು ಬಂದು ಕೆನ್ನೆ ಊದಿಕೊಂಡು ಮಲಗಿದ್ದೆ. ಹೊರಡುವ ಮುಂಚೆ ಒರೆಸ್ಟ್ ಕೋಣೆಯ ಬಾಗಿಲಲ್ಲಿ ನಿಂತು, "ಇವತ್ತು ಗೋಲ್ ಹೊಡೆದ್ರೆ ಪಕ್ ನಿಂದು ಕಣೋ ಬುರುಡೆ" ಅಂದ. ಆ ವಾರವೆಲ್ಲ ನನ್ನ ಕೋಣೆಗೆ ಯಾರನ್ನೂ ಬಿಡಲಿಲ್ಲ. ಮುಂದಿನ ಶನಿವಾರ ಅವನ ಸ್ನೋಮೊಬೈಲ್, ಹಿಮದ ಮೇಲೆ ಓಡುವ ಗಾಡಿ, ಕೆರೆಯ ಮಂಜುಗಡ್ಡೆ ಒಡೆದು ಅವನ ಸಮೇತ ಮುಳುಗಿತು. ಮಣ್ಣು ಮಾಡಿದ ಮೇಲೆ ಅಪ್ಪ ಬಂದು ಈ ಪಕ್ ನನ್ನ ಕೈಗಿಟ್ಟ. "ಅಣ್ಣ ನಿಂಗೆ ಅಂತ ತೆಗೆದಿಟ್ಟಿದ್ದ" ಅಂದ. ಅಷ್ಟೇ ಮಾತು.

ಉಳಿದ ಮುನ್ನೂರ ಹನ್ನೊಂದು ಬಂದದ್ದು ಆ ಒಂದರ ಹಿಂದೆ. ಮಾರ್ಲಿಸ್‌ಗೆ ಇದು ಅರ್ಥವಾಗುವುದಿಲ್ಲ. "ಮನೆ ತುಂಬ ಕರಿ ರಬ್ಬರ್ ಬಿಲ್ಲೆ. ಮೊಮ್ಮಗಳ ಫೋಟೋ ಹಾಕೋಕೆ ಒಂದು ಗೋಡೆ ಇಲ್ಲ" ಅನ್ನುತ್ತಾಳೆ.

ಜನವರಿ 26, ಶನಿವಾರ

ರೆಜೈನಾ ನಗರದಿಂದ ಒಬ್ಬ ಹೆಂಗಸು ಬಂದಿದ್ದಳು. ಮೂರು ಗಂಟೆ ಗಾಡಿ ಓಡಿಸಿಕೊಂಡು, ಆ ಹಿಮದಲ್ಲಿ. ಅರವತ್ತರ ಹತ್ತಿರ ಇರಬೇಕು. ಬಾಗಿಲಲ್ಲಿ ಬೂಟು ಬಿಚ್ಚುತ್ತಾ, "ಲೋರ್ನಿ, ನನ್ನ ಗುರುತು ಸಿಗ್ಲಿಲ್ವಾ? ಆರ್ಲೀನ್. ಆರ್ಲೀನ್ ಸ್ಟಾಡ್ನಿಕ್" ಅಂದಳು.

ಸಿಕ್ಕಿತು. ಒರೆಸ್ಟ್‌ನ ಹುಡುಗಿ. ಅವನನ್ನು ಮಣ್ಣು ಮಾಡಿದ ದಿನ ಹಿಂದಿನ ಬೆಂಚಿನಲ್ಲಿ ಕೂತಿದ್ದವಳು. ಆ ಬೇಸಿಗೆಯಲ್ಲೇ ಊರು ಬಿಟ್ಟು ಹೋದವಳು.

ಮಾರ್ಲಿಸ್ ಪೆರೋಗಿ ಕಡುಬು ಬಿಸಿ ಮಾಡಿ ಕೊಟ್ಟಳು. ತಿಂದಾದ ಮೇಲೆ ಆಕೆ ಚೀಲದಿಂದ ಕೆಂಪು ಉಣ್ಣೆಯ ಕೈಗವಸು ತೆಗೆದಳು. ಒಳಗಿನಿಂದ ಒಂದು ಪಕ್ ಮೇಜಿನ ಮೇಲೆ ಜಾರಿತು.

"ರಿಂಕ್‌ನೋರು ಪೇಪರ್‌ನಲ್ಲಿ ಹಾಕಿದ್ರಲ್ಲ, ಹಳೇ ಪಕ್ ಇದ್ರೆ ತನ್ನಿ ಅಂತ. ಇದು ಒರೆಸ್ಟ್‌ನ ಕೊನೇ ಗೋಲಿಂದು."

ನನಗೆ ನಗು ಬಂತು. ಆಮೇಲೆ ಬರಲಿಲ್ಲ.

"ಅದು ನನ್ನ ಹತ್ರ ಇದೆ" ಅಂದೆ.

"ಇರಕ್ಕೆ ಸಾಧ್ಯ ಇಲ್ಲ ಲೋರ್ನಿ. ಗೋಲ್ ಹೊಡೆದವನೇ ನೆಟ್ಟಿಂದ ಎತ್ಕೊಂಡು ಸೀದಾ ನಾನು ನಿಂತಿದ್ದ ಕಡೆ ಬಂದ. ಹಲಗೆ ಮೇಲಿಂದ ಎಸೆದ. ನಾನು ಇದೇ ಕೈಗವಸಲ್ಲಿ ಹಿಡ್ಕೊಂಡೆ."

"ನನಗೆ ಕೊಡ್ತೀನಿ ಅಂದಿದ್ದ."

ಹೇಳಬಾರದಾಗಿತ್ತು. ಐವತ್ತೊಂದು ವರ್ಷದ ಗಂಡಸಿನ ಬಾಯಲ್ಲಿ ಬರುವ ಮಾತಲ್ಲ ಅದು. ಆಕೆ ಮುಖ ಕೆಳಗೆ ಹಾಕಿದಳು. "ನಂಗೆ ಅದು ಗೊತ್ತಿರ್ಲಿಲ್ಲ" ಅಂದಳು.

ಪರೀಕ್ಷೆ ಮಾಡಿ ಹೇಳುತ್ತೇನೆ ಎಂದು ಇಟ್ಟುಕೊಂಡೆ. ಎರಡರಲ್ಲಿ ಒಂದೇ ಕಪಾಟಿಗೆ ಹೋಗುವುದು. ಆಕೆಯದು ನಿಜವಾದರೆ ಒರೆಸ್ಟ್ ನನ್ನನ್ನು ಮರೆತ, ಅಪ್ಪ ನನಗೆ ಸುಳ್ಳು ಹೇಳಿದ. ಹಾಗಾಗಿರಲು ಸಾಧ್ಯವಿಲ್ಲ.

ಜನವರಿ 27

ಚರ್ಚಿನಲ್ಲಿ ಪಾದ್ರಿ ಹೇಳಿದ್ದು ಒಂದೂ ಕಿವಿಗೆ ಬೀಳಲಿಲ್ಲ. ಆಕೆಯದು ನಕಲಿ.

ಫೆಬ್ರವರಿ 2, ಶನಿವಾರ

ಸಿಕ್ಕಿತು! ಬೆಳಿಗ್ಗೆಯಿಂದ ಕಿಟಕಿಯ ಬೆಳಕಿನಲ್ಲಿ ಕೂತು ನೋಡಿದೆ. ಆಕೆಯ ಪಕ್ ಆಡಿದ್ದೇ, ಸಂಶಯವಿಲ್ಲ. ಅಂಚು ಚೆನ್ನಾಗಿ ಸವೆದಿದೆ, ಬಿಳಿ ಗೀರುಗಳಿವೆ, ಹಿಂದೆ ತಂಡದ ಮುದ್ರೆ ಇದೆ. ಆದರೆ ಕಂಬದ ಗುರುತು ಕೆಂಪಲ್ಲ, ಕಿತ್ತಳೆ! ಮೊದಲು ಕೆಂಪೇ ಮಾಸಿದೆ ಅಂದುಕೊಂಡೆ. ಮಾಸಿದ ಕೆಂಪು ಕಂದಾಗುತ್ತದೆ, ಹೀಗೆ ಕಣ್ಣಿಗೆ ಹೊಡೆಯುವ ಕಿತ್ತಳೆ ಆಗುವುದಿಲ್ಲ. ಇಪ್ಪತ್ತೆಂಟು ವರ್ಷ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಂತವನು ನಾನು. ಈ ಬಣ್ಣ ನನಗೆ ಗೊತ್ತು. ಟ್ರ್ಯಾಕ್ಟರಿಗೆ ಹೊಡೆಯುವ ಬಣ್ಣ ಇದು. ಯಾರದೋ ಕೊಟ್ಟಿಗೆಯಲ್ಲಿ ಬಿದ್ದಿದ್ದ ಪಕ್.

ಊಟ ಚೆನ್ನಾಗಿ ಸೇರಿತು. ಮಾರ್ಲಿಸ್ ಕೇಳಿದಳು, "ಅಷ್ಟು ಖುಷಿ ಪಡೋಕೆ ಏನಾಯ್ತು? ಆ ಹೆಂಗಸು ನಲವತ್ತು ವರ್ಷ ಅದನ್ನ ಕೈಗವಸಲ್ಲಿ ಇಟ್ಕೊಂಡಿದ್ಲು."

ತಟ್ಟೆ ಎತ್ತಿಕೊಂಡು ತೊಳೆಯಲು ಹೋದೆ.

ಫೆಬ್ರವರಿ 5, ಮಂಗಳವಾರ

ಆರ್ಲೀನ್‌ಗೆ ಫೋನ್ ಮಾಡಿದೆ. ಆದಷ್ಟು ಮೆತ್ತಗೆ ಹೇಳೋಣ ಅಂದುಕೊಂಡಿದ್ದೆ.

"ಗೋಲಿನ ಕಂಬ ಕೆಂಪಿರತ್ತೆ. ನಿಮ್ಮ ಪಕ್ ಮೇಲೆ ಇರೋದು ಕಿತ್ತಳೆ. ಹಂಗಾಗಿ..."

ಆ ಕಡೆಯಿಂದ ನಗು. ಆಕೆ ನಕ್ಕಳು!

"ಲೋರ್ನಿ, ಆವತ್ತು ಆ ಕಂಬ ಕಿತ್ತಳೆನೇ ಇತ್ತು! ಇಡೀ ಊರು ನಗಾಡಿತ್ತು. ನಿಂಗೆ ಯಾರೂ ಹೇಳ್ಲಿಲ್ವಾ?"

"ಯಾವ ಕಂಬ?"

"ಬಡಗಣ ಗೋಲಿಂದು. ಆರ್ವಿಲ್ ಪಿಡ್‌ಸ್ಕಾಲ್ನಿ ಬದುಕಿದಾನಾ? ಅವನ್ನ ಕೇಳು. ಬಣ್ಣ ಹೊಡೆದೋನು ಅವನೇ."

ಆರ್ವಿಲ್. ಇಡೀ ಊರಲ್ಲಿ ಬೇರೆ ಯಾರೂ ಸಿಗಲಿಲ್ಲವೇ?

ಫೆಬ್ರವರಿ 7

ಹೆಂಗಸು ಕಥೆ ಕಟ್ಟುತ್ತಿದ್ದಾಳೆ. ಹಾಗೇನಾದರೂ ಆಗಿದ್ದರೆ ಈ ಊರಲ್ಲಿ ನನಗೆ ತಿಳಿಯದೆ ಇರುತ್ತಿತ್ತೇ?

ಫೆಬ್ರವರಿ 9

ಕಾಫಿ ಅಂಗಡಿಗೆ ಹೋದೆ. ಆರ್ವಿಲ್ ಈಗ ಕಿಟಕಿಯ ಹತ್ತಿರದ ಮೇಜಿಗೆ ಬದಲಾಯಿಸಿಕೊಂಡಿದ್ದಾನೆ, ಒಬ್ಬನೇ. ಹೋಗಿ ಕೇಳಬೇಕು ಅಂದುಕೊಂಡೆ. ಕೇಳದೆ, ಕಾಫಿ ಮುಗಿಸಿ ಹೊರಗೆ ಬಂದೆ. ನಾಯಿಗೆ ಕೊಡಿ ಅಂದಿದ್ದೆನಲ್ಲ.

ಫೆಬ್ರವರಿ 12

ರಿಂಕ್ ಕಮಿಟಿಯಿಂದ ಫೋನು. ಮಾರ್ಚ್ ಒಂದರೊಳಗೆ ಎಲ್ಲ ಕಾರ್ಡ್ ಅವರ ಕೈ ಸೇರಬೇಕು. ಅಂಗಡಿಯಲ್ಲಿ ಒಬ್ಬ ರೈತನಿಗೆ ಬೇರಿಂಗ್ ಬದಲು ಬೆಲ್ಟ್ ಕೊಟ್ಟು ಕಳಿಸಿದೆ. ಅರವತ್ತು ಕಿಲೋಮೀಟರ್ ದೂರದಿಂದ ವಾಪಸ್ ಬಂದು ಬೈದ. ಬೈಸಿಕೊಂಡೆ. ಊಟ ಬೇಡ ಅನ್ನಿಸಿತು. ಮಾರ್ಲಿಸ್ ತಟ್ಟೆ ನೋಡಿದಳು, ನನ್ನನ್ನು ನೋಡಿದಳು. "ನಿಂಗೆ ಭಯ ಆಗಿದೆ" ಅಂದಳು. ಕೂಗಾಡಿದೆ. ಈಗ ಇದನ್ನು ಬರೆಯುತ್ತಿದ್ದೇನೆ. ಭಯವೇ.

ಫೆಬ್ರವರಿ 14, ಗುರುವಾರ

ಮಧ್ಯಾಹ್ನ ರಜ ಹಾಕಿ ಆರ್ವಿಲ್‌ನ ಶೆಡ್ಡಿಗೆ ಹೋದೆ. ಎಲ್ಲವನ್ನೂ ಹೇಗೆ ನಡೆಯಿತೋ ಹಾಗೆ ಬರೆದಿಡಬೇಕು.

ವಯಸ್ಸು ಎಪ್ಪತ್ತೆಂಟಾದರೂ ವೆಲ್ಡಿಂಗ್ ಬಿಟ್ಟಿಲ್ಲ. ಒಲೆಯ ಹತ್ತಿರ ಕೂತು ಯಾರದೋ ನೇಗಿಲಿನ ಹಲ್ಲು ಸರಿಮಾಡುತ್ತಿದ್ದರು. ನನ್ನನ್ನು ನೋಡಿ ಮುಖದ ಕವಚ ಮೇಲೆತ್ತಿದರು.

"ಬಾರಯ್ಯಾ ಜಡ್ಜಪ್ಪ. ನಮ್ ನಾಯಿ ಆ ಪಕ್ ತಿನ್ಲಿಲ್ಲ. ಅದಕ್ಕೂ ರುಚಿ ಗೊತ್ತು."

"ಆವತ್ತು ಹಂಗೆ ಅನ್ನಬಾರ್ದಿತ್ತು ಆರ್ವಿಲ್."

"ಅಂದಾಯ್ತಲ್ಲ. ಕೂತ್ಕೋ. ಏನು ಬೇಕು?"

ಜೇಬಿನಿಂದ ಆರ್ಲೀನ್‌ಳ ಪಕ್ ತೆಗೆದು ಕೊಟ್ಟೆ. ಅವರು ಕೈಯಲ್ಲಿ ಹಿಡಿದು ತಿರುಗಿಸಿದರು. ಕಿತ್ತಳೆ ಗುರುತು ಕಂಡದ್ದೇ ಹೆಬ್ಬೆರಳು ಅಲ್ಲೇ ನಿಂತಿತು.

"ಅಯ್ಯೋ ದೇವರೇ. ಇದು ಎಲ್ಲಿತ್ತು?"

"ಆರ್ಲೀನ್ ತಂದ್ಲು. ಕಂಬ ಕಿತ್ತಳೆ ಇತ್ತಾ?"

"ಇತ್ತು. ನಿಮ್ಮಪ್ಪ ಮಾಡಿದ್ ಎಡವಟ್ಟು ಅದು." ಅವರು ಪಕ್ಕನ್ನು ಕೆಳಗಿಡಲಿಲ್ಲ. "ಆವತ್ತು ಬೆಳಿಗ್ಗೆ ವಸಿಲ್ ಹಿಮ ತಳ್ಳೋ ಟ್ರ್ಯಾಕ್ಟರ್‌ನ ರಿಂಕ್ ಒಳಗೇ ತಂದ. ತರಬಾರ್ದು, ಎಲ್ರಿಗೂ ಗೊತ್ತು. ದೊಡ್ಡ ಬಾಗಿಲ ಒಳಗೆ ಹಿಮ ನುಗ್ಗಿದೆ, ಐದು ನಿಮಿಷದ ಕೆಲಸ ಅಂದ. ಹಿಂದಕ್ಕೆ ತಗೊಂಡ, ಅಲ್ಲಿ ನಿಲ್ಲಿಸಿದ್ದ ಗೋಲಿನ ಚೌಕಟ್ಟು ನೋಡ್ಲಿಲ್ಲ. ಒಂದು ಕಂಬ ಮಡಚ್ಕೊಂಡ್ಬಿಡ್ತು. ನಾನು ನೆಟ್ಟಗೆ ಮಾಡಿ ವೆಲ್ಡ್ ಹಾಕ್ದೆ. ಬಣ್ಣ ಎಲ್ಲಿಂದ ತರೋದು? ಶನಿವಾರ ಮಧ್ಯಾಹ್ನ, ಅಂಗಡಿ ಮುಚ್ಚಿತ್ತು. ಶೆಡ್ಡಲ್ಲಿ ಇದ್ದಿದ್ದು ಟ್ರ್ಯಾಕ್ಟರ್ ಬಣ್ಣ. ಹೊಡೆದ್ಬಿಟ್ಟೆ. ರೆಫರಿ ನೋಡಿ, 'ಏನ್ರೋ, ಹ್ಯಾಲೋವೀನ್ ಕುಂಬಳಕಾಯಿ ಹಬ್ಬ ಇನ್ನೂ ಮುಗೀಲಿಲ್ವಾ' ಅಂದ."

"ಒರೆಸ್ಟ್‌ನ ಗೋಲು?"

"ಅದೇ ಕಂಬಕ್ಕೆ ಬಡಿದೇ ಒಳಗೆ ಹೋಗಿದ್ದು. ಬಣ್ಣ ಸರಿಯಾಗಿ ಒಣಗಿರ್ಲಿಲ್ಲ ಬೇರೆ. ಮುಂದಿನ ವಾರ ಆ ಹುಡುಗ ಹೋದ. ಆಮೇಲೆ ನಿಮ್ಮ ಮನೆಯೋರ ಎದುರಿಗೆ ಆ ಪಂದ್ಯದ ಮಾತು ಯಾರು ಎತ್ತುತಾರೆ? ಯಾರೂ ಎತ್ತಲಿಲ್ಲ."

ಒಲೆಯ ಬಿಸಿ ಮೊಣಕಾಲಿಗೆ ತಟ್ಟುತ್ತಿತ್ತು. ಬೆನ್ನು ಮಾತ್ರ ತಣ್ಣಗಿತ್ತು.

"ನನ್ನ ಪಕ್ ಮೇಲೆ ಕೆಂಪು ಇದೆ" ಅಂದೆ.

ಆರ್ವಿಲ್ ಒಲೆಯ ಕಡೆ ತಿರುಗಿಕೊಂಡರು. "ಗೊತ್ತು."

"ಏನು ಗೊತ್ತು?"

"ಬಿಡು ಲೋರ್ನಿ."

"ಹೇಳಿ."

ಒಲೆಗೆ ಇನ್ನೊಂದು ಕಟ್ಟಿಗೆ ತಳ್ಳಿ ಹೇಳಿದರು.

"ಒರೆಸ್ಟ್‌ನ ಮಣ್ಣು ಮಾಡಿ ಮೂರು ದಿನ ಆಗಿತ್ತು. ಕೆಂಪು ಬಣ್ಣ ಬಂದಿತ್ತು, ಆ ಕಂಬಕ್ಕೆ ಹೊಡೆಯೋಣ ಅಂತ ನಾನೊಬ್ಬನೇ ರಿಂಕ್‌ಗೆ ಹೋಗಿದ್ದೆ. ಹೊಡೆದು ಮುಗಿಸಿ ಬ್ರಷ್ ತೊಳೀತಾ ಇದ್ದೆ. ವಸಿಲ್ ಬಂದ. ಕೈಯಲ್ಲಿ ಒರೆಸ್ಟ್‌ನ ಕೋಲು. ಪಂದ್ಯಕ್ಕೆ ಪಕ್‌ಗಳ್ನ ಪುಟೀದೆ ಇರ್ಲಿ ಅಂತ ಮಂಜಲ್ಲಿ ಹೂತಿಡೋ ಬಕೆಟ್ಟು ನಿಮ್ಮಪ್ಪನ ಕೈಲೇ ಇರ್ತಿತ್ತಲ್ಲ, ಅದರಿಂದ ಒಂದು ಹೊಸ ಪಕ್ ತೆಗೆದ. 'ಚಿಕ್ಕೋನು ದಿನಾ ಕೇಳ್ತಾನೆ, ಅಣ್ಣ ನನ್ ಪಕ್ ಎಲ್ಲಿಟ್ಟಿದಾನೆ ಅಂತ. ಆ ಹುಡುಗಿ ಹತ್ರ ಹೋಗಿ ಕೇಳೋಕೆ ನಂಗೆ ಬಾಯಿ ಬರಲ್ಲ. ಅವಳಿಗೂ ಅದೊಂದೇ ಉಳಿದಿರೋದು' ಅಂದ. ಸ್ಕೇಟ್ ಇಲ್ಲ, ಏನಿಲ್ಲ. ಬೂಟಲ್ಲೇ ಐಸ್ ಮೇಲೆ ನಿಂತ್ಕೊಂಡು ಹೊಡೆಯೋಕೆ ಶುರು ಮಾಡ್ದ."

"ಅಪ್ಪ ಹಾಕಿ ಆಡ್ತಾನೇ ಇರ್ಲಿಲ್ಲ."

"ಅದೇ ಕಣೋ! ಎತ್ತೆತ್ತಲೋ ಹೋಗ್ತಿತ್ತು. ಜಾರಿ ಒಂದ್ಸಲ ಬಿದ್ದ. ಕೊನೆಗೆ ಕಂಬಕ್ಕೆ ತಾಗ್ತು, ಆಚೆ ಚಿಮ್ತು. ನಾನು, 'ಸಾಕು ಬಿಡೋ ವಸಿಲ್, ಬಣ್ಣ ಹತ್ತಿದೆಯಲ್ಲ' ಅಂದೆ. 'ಇಲ್ಲ, ಗೋಲಾಗ್ಬೇಕು' ಅಂದ. 'ಸುಳ್ಳು ಹೇಳೋದಂತೂ ಹೇಳ್ತಿದೀನಿ. ಗೋಲಾಗಿರೋ ಪಕ್ ಆದ್ರೂ ಕೊಡ್ಬೇಕು.' ಆಗೋವರೆಗೂ ಬಿಡ್ಲಿಲ್ಲ."

"ಕೆಂಪು ಯಾಕೆ? ಕಿತ್ತಳೆ ಅಂತ ಅಪ್ಪಂಗೆ ಗೊತ್ತಿತ್ತಲ್ಲ."

"ನಾನೂ ಕೇಳ್ದೆ. 'ಲೋರ್ನಿ ಕೆಂಪು ಕಂಬನೇ ನೋಡಿರೋದು. ಕಿತ್ತಳೆ ಕಂಡ್ರೆ ನಂಬಲ್ಲ, ಪರೀಕ್ಷೆ ಮಾಡ್ತಾನೆ' ಅಂದ. ಒಂಬತ್ತು ವರ್ಷಕ್ಕೇ ನೀನು ಅಷ್ಟು ದೊಡ್ಡ ಪಂಡಿತ."

ಎದ್ದು ನಿಂತೆ. ಬಾಗಿಲ ಹತ್ತಿರ ಹೋಗಿ ಕೇಳಿದೆ, "ಜನವರೀಲಿ ನಾನು ಎಲ್ಲರ ಮುಂದೆ ನಿಮ್ಮನ್ನ ಆಡಿಕೊಂಡಾಗ ಇದನ್ನ ಯಾಕೆ ಹೇಳ್ಲಿಲ್ಲ? ಒಂದು ಮಾತು ಹೇಳಿದ್ರೆ ಸಾಕಿತ್ತು."

"ವಸಿಲ್‌ಗೆ ಮಾತು ಕೊಟ್ಟಿದ್ದೆ" ಅಂದರು. ಕವಚ ಕೆಳಗಿಳಿಸಿ ಕೆಲಸಕ್ಕೆ ಕೂತರು.

ಫೆಬ್ರವರಿ 16

ಸಿಟ್ಟು. ಯಾರ ಮೇಲೆ ಎಂದು ಗೊತ್ತಿಲ್ಲ. ಒರೆಸ್ಟ್ ಮೇಲೆ ಇರಬೇಕು. ಬಾಗಿಲಲ್ಲಿ ನಿಂತು ಮಾತು ಕೊಟ್ಟು, ಎರಡು ಗಂಟೆಯಲ್ಲಿ ಮರೆತ. ನಲವತ್ತೆರಡು ವರ್ಷ ನಾನು ಅವನು ಮಾತು ಉಳಿಸಿಕೊಂಡ ಎಂದು ಬದುಕಿದೆ.

ಫೆಬ್ರವರಿ 18

ನಾನು ಸುಮ್ಮನಿದ್ದರೆ ಏನಾಗುತ್ತದೆ? ಆರ್ವಿಲ್ ಬಾಯಿ ಬಿಡುವುದಿಲ್ಲ, ಇಷ್ಟು ವರ್ಷ ಬಿಡಲಿಲ್ಲ. ಆರ್ಲೀನ್ ರೆಜೈನಾದಲ್ಲಿದ್ದಾಳೆ, ನನ್ನ ಮಾತಿನ ಎದುರು ಆಕೆಯ ಮಾತು ಕಮಿಟಿ ಕೇಳುವುದಿಲ್ಲ. ನನ್ನದು ನಡುವಿನ ಜಾಗದಲ್ಲಿ ಕೂರುತ್ತದೆ. ಇಡೀ ಊರಿಗೆ ಅದು ಒರೆಸ್ಟ್‌ನದಾಗಿರುತ್ತದೆ.

ಕಾರ್ಡ್ ಬರೆದೇ ಇದೆ. ಕೊಟ್ಟರೆ ಮುಗಿಯಿತು.

ಫೆಬ್ರವರಿ 20

ಕಾರ್ಡನ್ನು ಲಕೋಟೆಗೆ ಹಾಕಿದೆ. ರಿಂಕ್ ತನಕ ಗಾಡಿ ಓಡಿಸಿದೆ. ಎಂಜಿನ್ ಆರಿಸದೆ ಇಪ್ಪತ್ತು ನಿಮಿಷ ಕೂತಿದ್ದೆ. ಒಳಗೆ ಸಣ್ಣ ಹೆಣ್ಣುಮಕ್ಕಳ ತಂಡ ಪ್ರಾಕ್ಟೀಸ್ ಮಾಡುತ್ತಿತ್ತು, ಗೋಡೆಯಾಚೆಯಿಂದಲೇ ಪಕ್ ಹಲಗೆಗೆ ಬಡಿಯುವ ಸದ್ದು ಕೇಳುತ್ತಿತ್ತು. ಒಂದು ಸಲ ಠಣ್ ಎಂದಿತು, ಕಂಬಕ್ಕೆ. ಅಪ್ಪ ಬೂಟಿನಲ್ಲಿ ನಿಂತು ಹೊಡೆಯುವುದು ಕಣ್ಣಿಗೆ ಬಂತು. ಬಿದ್ದನಂತೆ. ಸೊಂಟ ಮೊದಲೇ ಸರಿಯಿರಲಿಲ್ಲ ಅವನಿಗೆ. ಆ ವಾರ ಊಟದ ಮೇಜಿಗೆ ಕುಂಟುತ್ತಾ ಬರುತ್ತಿದ್ದ, ನೆನಪಿದೆ. ಅಮ್ಮ ಕೇಳಿದ್ದಕ್ಕೆ ಅಂಗಳದ ಮಂಜಲ್ಲಿ ಜಾರಿದೆ ಅಂದಿದ್ದ.

ಲಕೋಟೆ ಕೊಡದೆ ಬಂದೆ.

ಫೆಬ್ರವರಿ 23, ಶನಿವಾರ

ಇವತ್ತು ಟೇಪು ಬಿಚ್ಚಿದೆ.

ಮಾರ್ಲಿಸ್‌ಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಎಲ್ಲ ಹೇಳಿದೆ. ಮೊದಲೇ ಹೇಳಬೇಕಿತ್ತು. ಅವಳು ಕೆಟಲ್ಲಿನ ಹಬೆ ಹಿಡಿದಳು, ನಾನು ಮೊಂಡು ಚಾಕುವಿನಿಂದ ಎಳೆಎಳೆಯಾಗಿ ಎಬ್ಬಿಸಿದೆ. ಅಂಟು ಒಣಗಿ ಪುಡಿಯಾಗಿತ್ತು. ಅಕ್ಷರ ಇದ್ದ ತುಂಡು ಮುರಿಯದೆ ಬಂತು.

ಒಳಗೆ ಅಂಚಿನ ಚೌಕುಳಿ ಗೆರೆಗಳು ಹೊಸದಾಗಿಯೇ ಇವೆ. ಬಿಳಿ ಗೀರಿಲ್ಲ. ಬೇರೆ ಯಾರಾದರೂ ತಂದಿದ್ದರೆ ಒಂದು ಕ್ಷಣದಲ್ಲಿ ವಾಪಸ್ ಎಸೆಯುತ್ತಿದ್ದೆ, ಅದರ ಜೊತೆ ಒಂದು ಕೊಂಕು ಮಾತು. ಆದರೆ ಟೇಪಿನ ಕೆಳಗೆ ಇನ್ನೂ ಮೂರು ಕೆಂಪು ಗುರುತುಗಳಿದ್ದವು. ಒಂದು ಮಸುಕು, ಒಂದು ಓರೆ, ಒಂದು ಚೆನ್ನಾಗಿ ಆಳವಾಗಿ. ಒಂದು ಗೋಲಿಗೆ ನಾಲ್ಕು ಗುರುತು ಇರುವುದಿಲ್ಲ ಎಂದು ನಾನು ಕೇಳುತ್ತೇನೆಂದು ಅಪ್ಪನಿಗೆ ಗೊತ್ತಿತ್ತು. ಅದಕ್ಕೇ ಟೇಪು.

"ನಾಲ್ಕು ಸಲ" ಅಂದಳು ಮಾರ್ಲಿಸ್.

"ಕಂಬಕ್ಕೆ ತಾಗಿದ್ದು ನಾಲ್ಕು. ತಪ್ಪಿದ್ದು ಎಷ್ಟೋ."

ಆಮೇಲೆ ಅತ್ತುಬಿಟ್ಟೆ. ಒರೆಸ್ಟ್ ಹೋದಾಗ ಕೆನ್ನೆ ಊದಿದ್ದರಿಂದ ಅಳಲು ನೋವಾಗುತ್ತಿತ್ತು, ಆಗ ಸರಿಯಾಗಿ ಅತ್ತಿರಲಿಲ್ಲ.

ಫೆಬ್ರವರಿ 24

ಒರೆಸ್ಟ್‌ಗೆ ಹತ್ತೊಂಬತ್ತು ವರ್ಷ. ಕೊನೆಯ ನಿಮಿಷದಲ್ಲಿ ಗೋಲು ಹೊಡೆದಿದ್ದಾನೆ, ಹಲಗೆಯ ಆಚೆ ಕೆಂಪು ಕೈಗವಸು ಹಾಕಿಕೊಂಡು ಅವಳು ನಿಂತಿದ್ದಾಳೆ. ನಾನಾಗಿದ್ದರೂ ಎಸೆಯುತ್ತಿದ್ದೆ.

ಫೆಬ್ರವರಿ 28, ಗುರುವಾರ

ಕಾಫಿ ಅಂಗಡಿಯಲ್ಲಿ ಕಿಟಕಿಯ ಮೇಜಿಗೆ ಹೋಗಿ ಕೂತೆ. ಆರ್ವಿಲ್ ಸಕ್ಕರೆ ಡಬ್ಬಿ ನನ್ನ ಕಡೆ ತಳ್ಳಿದರು.

"ಎಂಬತ್ತೊಂದರ ಪಕ್ ತಂದಿದೀರಾ?" ಕೇಳಿದೆ.

"ನಾಯಿ ಹತ್ರ ಇದೆ."

"ಆರ್ವಿಲ್."

ಕೋಟಿನ ಜೇಬಿನಿಂದ ತೆಗೆದರು. ಆವತ್ತಿನಿಂದ ಅಲ್ಲೇ ಇತ್ತು ಅನ್ನಿಸುತ್ತದೆ.

"ಇದರ ಹಿಂದೆ ಮುದ್ರೆ ಯಾಕಿಲ್ಲ? ಏನಾಗಿತ್ತು ಆವತ್ತು, ಹೇಳಿ."

"ಇದನ್ನ ಮೊದ್ಲೇ ಕೇಳ್ಬೇಕಿತ್ತು ನೀನು" ಅಂದು ಶುರು ಮಾಡಿದರು. ಮುದ್ರೆಯ ಪಕ್‌ಗಳನ್ನೆಲ್ಲ ಜನ ನೆನಪಿಗೆಂದು ಎತ್ತಿಕೊಂಡು ಹೋಗಿ, ಆಟದ ಮೂರನೇ ಭಾಗಕ್ಕೆ ಬಕೆಟ್ಟು ಖಾಲಿ. ಅಪ್ಪ ಪ್ರಾಕ್ಟೀಸ್ ಪೆಟ್ಟಿಗೆಯಿಂದ ಎರಡು ತಂದು ಹೂತನಂತೆ. ಅದರಲ್ಲೊಂದು ಇದು. ಗೋಲು ಹೊಡೆದವನ ಹೆಸರು, ಅವನ ಮುರಿದ ಹಲ್ಲು, ಕಿನ್‌ರಾಸ್‌ನವರು ಬೈದ ಬೈಗುಳ, ಎಲ್ಲ ಬಂತು. ಒಂದು ಗಂಟೆ ಹಿಡಿಯಿತು. ಅಂಗಡಿಗೆ ತಡವಾಗಿ ಹೋದೆ, ಯಜಮಾನ ಗಡಿಯಾರ ತೋರಿಸಿದ. ಕಾರ್ಡಿನಲ್ಲಿ "ಆರ್ವಿಲ್ ಪಿಡ್‌ಸ್ಕಾಲ್ನಿ ಕಂಡಂತೆ" ಎಂದು ಬರೆದೆ. ಅಂಥ ಸಾಲು ನನ್ನ ಕಾರ್ಡುಗಳಲ್ಲಿ ಇದುವರೆಗೆ ಇರಲಿಲ್ಲ. ಇರಲಿ.

ಮಾರ್ಚ್ 2, ಶನಿವಾರ

ಸಮಾರಂಭ ಆಯಿತು. ಎಲೆಕೋಸಿನ ಸುರುಳಿ ಮುಗಿದುಹೋಗಿ ಕಡೆಗೆ ಬಂದವರಿಗೆ ಬರೀ ಬ್ರೆಡ್ಡು. ಭಾಷಣ ಉದ್ದವಾಯಿತು.

ನಡುವಿನ ಜಾಗದಲ್ಲಿ ಆರ್ಲೀನ್ ಅವರ ಪಕ್. ಕಾರ್ಡಿನಲ್ಲಿ ಕಿತ್ತಳೆ ಕಂಬದ ಕಥೆಯನ್ನೂ ಬರೆದಿದ್ದೆ, ಟ್ರ್ಯಾಕ್ಟರ್ ಸಮೇತ. ಓದಿದವರೆಲ್ಲ ನಕ್ಕರು. ನಲವತ್ತೆರಡು ವರ್ಷದ ಮೇಲೆ ನನ್ನೆದುರೇ ಆ ಪಂದ್ಯದ ಮಾತಾಡಿದರು. ಒರೆಸ್ಟ್ ಎಡಗೈಯವನೆಂದು ನಾನು ಮರೆತೇಬಿಟ್ಟಿದ್ದೆ.

ಆರ್ಲೀನ್ ಗಾಜಿನ ಮುಂದೆ ಬಹಳ ಹೊತ್ತು ನಿಂತಿದ್ದರು. ಕೈಗವಸು ಕೈಯಲ್ಲೇ ಇತ್ತು, ಖಾಲಿ.

"ನಿನ್ನದು ಎಲ್ಲಿ ಲೋರ್ನಿ?"

"ಮನೇಲಿದೆ. ಅದು ಪಂದ್ಯ ಆಡಿಲ್ಲ."

ಅವರು ನನ್ನ ತೋಳು ಹಿಡಿದುಕೊಂಡರು. "ಅವನು ಮರೆತಿದ್ದಲ್ಲ ಅಂತ ನಂಗೆ ಅನ್ಸತ್ತೆ. ಮನೆಗೆ ಹೋಗಿ ಏನಾದ್ರೂ ಹೇಳಿ ಸಮಾಧಾನ ಮಾಡ್ತಿದ್ದ."

"ಬೇರೆಯವರು ಮಾಡಿದ್ರು ಬಿಡಿ" ಅಂದೆ.

ಮಾರ್ಚ್ 5, ಮಂಗಳವಾರ

ಒರೆಸ್ಟ್ ಹೋದ ದಿನ. ಬೆಳಿಗ್ಗೆ ಮಾರ್ಲಿಸ್ ಜೊತೆ ಹೋಗಿ ಅಣ್ಣ, ಅಪ್ಪ ಇಬ್ಬರ ಸಮಾಧಿ ಕಲ್ಲಿನ ಮೇಲಿನ ಹಿಮ ಒರೆಸಿ ಬಂದೆ. ಮುಂದಿನ ಕೋಣೆಯ ಗೋಡೆಯಿಂದ ಎರಡು ಪೆಟ್ಟಿಗೆ ಇಳಿಸಿದೆ, ಮೊಮ್ಮಗಳ ಫೋಟೋ ಹಾಕಲು ಜಾಗ ಬೇಕಂತೆ. ಮೊಳೆ ಹೊಡೆದು ಕೊಟ್ಟೆ.

ಕಾರ್ಡ್ ನಂಬರ್ ಒಂದನ್ನು ಮತ್ತೆ ಬರೆದೆ.

ಆಟಗಾರ: ವಸಿಲ್ ಹ್ರಿಂಕೀವ್, ವಯಸ್ಸು ನಲವತ್ತೇಳು. ಪಂದ್ಯ: ಇಲ್ಲ. ನೋಡಿದವರು: ಒಬ್ಬರು. ಗುರುತು: ಕಂಬಕ್ಕೆ ಬಡಿದ ಕೆಂಪು, ನಾಲ್ಕು ಕಡೆ.

ಗೋಲು: ಒಂದು.